ಕಿರುಬೆರಳಿನ ಉಗುರು

ಬಾಣಂತಿಯ ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ. ಮಗು ಕಳೆದುಕೊಂಡವಳಿಗೆ ಕಟ್ಟುತ್ತೇವೆ. ಬಿಡಿ ಹೂವನ್ನು ಬಟ್ಟೆಯ ಮೇಲೆ ಹರಡಿ, ಎದೆಗೆ ಬಿಗಿಯಾಗಿ ಸುತ್ತಿ, ಬಾಡಿದ ಹಾಗೆಲ್ಲ ಬದಲಾಯಿಸುತ್ತಿದ್ದರೆ ಮೂರು ನಾಲ್ಕು ದಿನಕ್ಕೆ ಭಾರ ಇಳಿಯುತ್ತದೆ. ಮಂಡ್ಯದ ಪಕ್ಕದ ಹೊಳಲಿನಲ್ಲಿ ಮೂವತ್ತು ವರ್ಷದಿಂದ ಸೂಲಗಿತ್ತಿಯಾಗಿದ್ದೇನೆ. ಎಂಥ ಕಷ್ಟದ ಹೆರಿಗೆಗಾದರೂ ಎದ್ದು ಹೋಗುತ್ತೇನೆ, ಇದೊಂದು ಕೆಲಸಕ್ಕೆ ಕರೆದರೆ ಮಾತ್ರ ಕಾಲು ಮುಂದಕ್ಕೆ ಬರುವುದಿಲ್ಲ. ಆ ದಿನ ಯಾರಾದರೂ ಹೂ ಮುಡಿದು ಎದುರಿಗೆ ಬಂದರೂ ಸಿಡುಕುತ್ತೇನೆ. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಯುದ್ಧದ ಕಾಲ ಅದು, ಸೀಮೆಎಣ್ಣೆಗೂ ಪರದಾಟ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೊಂಬಾಳಮ್ಮ ನನ್ನ ಮನೆಯ ಬಾಗಿಲಿಗೇ ಬಂದು ನಿಂತಳು. ಅವಳ ಸೊಸೆ ಚಿಕ್ಕನಂಜಮ್ಮನಿಗೆ ಒಂಬತ್ತು ದಿನದ ಹಿಂದೆ ನಾನೇ ಹೆರಿಗೆ ಮಾಡಿಸಿದ್ದೆ. ಹೆಣ್ಣು ಮಗು.

“ಮಲ್ಲಿಗೆ ತರ್ಸಿವ್ನಿ. ಬಂದು ಕಟ್ಬುಡು ಮರಿತಾಯಿ,” ಅಂದಳು.

ಕೈಯಲ್ಲಿದ್ದ ಪೊರಕೆ ಕೆಳಗೆ ಹಾಕಿದೆ. “ಅಯ್ಯೋ ಶಿವನೇ, ಮೊಗ ಓಗ್ಬುಡ್ತಾ?”

“ಬುಡ್ತು ಅನ್ನು! ಜೀವ ಐತೆ. ಆದ್ರೆ ಅವಳ ಹಾಲು ಕುಡುದ್ರೆ ಉಳಿಯಕಿಲ್ಲ ಕಣಮ್ಮಿ. ಮೊದಲ್ನೇ ಮೊಗೀನ ತಿಂದಿದ್ದೂ ಆ ಹಾಲೇ. ನೆನ್ನೆ ಇರುವೆ ಬುಟ್ಟು ನೋಡ್ದೆ, ಸತ್ತೋಯ್ತು. ಇನ್ಮೇಲೆ ಆಡಿನ ಹಾಲು ಕುಡುಸ್ತೀವಿ.”

ಇದೊಂದು ಪರೀಕ್ಷೆ ಅವರ ಮನೆಯಲ್ಲಿ. ಮಗುವಿಗೆ ಹಾಲು ಹಾಕುವ ಒಳಲೆಯಲ್ಲಿ ತಾಯಿಯ ಹಾಲು ಹಿಂಡಿ, ಅದಕ್ಕೊಂದು ಇರುವೆ ಬಿಡುವುದು. ಇರುವೆ ದಡ ಹತ್ತಿದರೆ ಹಾಲು ಒಳ್ಳೆಯದು, ಸತ್ತರೆ ವಿಷ. ಇರುವೆಯನ್ನು ನಾಲೆ ನೀರಿಗೆ ಬಿಟ್ಟರೂ ಸಾಯುತ್ತದೆ ಸ್ವಾಮಿ, ಹಾಗಂತ ನಾವು ನಾಲೆ ನೀರು ಕುಡಿಯುವುದನ್ನು ಬಿಟ್ಟಿದ್ದೇವಾ? ಆದರೆ ಇದನ್ನು ಹೊಂಬಾಳಮ್ಮನ ಮುಖಕ್ಕೆ ಹೇಳಲಿಲ್ಲ. ಎರಡು ವರ್ಷದ ಹಿಂದೆಯೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಕೈಯಲ್ಲೇ ಹುಟ್ಟಿದ ಚಿಕ್ಕನಂಜಮ್ಮನ ಚೊಚ್ಚಲು ಗಂಡು ಮಗು ಹಾಲು ಕುಡಿಯಲಾರದೆ ಸೊರಗಿ ಸೊರಗಿ ಇಪ್ಪತ್ತಾರನೇ ದಿನಕ್ಕೆ ಹೋಗಿಬಿಟ್ಟಿತು. ಆಗಲೂ ಇರುವೆ ಬಿಟ್ಟಿದ್ದರು. ಆಗಲೂ ನಾನೇ ಹೋಗಿ ಮಲ್ಲಿಗೆ ಕಟ್ಟಿದೆ. ಕಟ್ಟುವ ಮೊದಲು ತುಂಬಿದ ಹಾಲನ್ನು ಹಿಂಡಿ ತೆಗೆಯಬೇಕು. ಹಿತ್ತಲಲ್ಲಿ ಬಾಳೆಗಿಡದ ಬುಡದಲ್ಲಿ ಕೂರಿಸಿ ಹಿಂಡಿದೆ. ಎಷ್ಟು ಹಾಲು ಅಂತೀರಿ! ಮಣ್ಣೆಲ್ಲ ಬೆಳ್ಳಗಾಯಿತು. ಹದಿನೆಂಟು ವರ್ಷದ ಹುಡುಗಿ ಅಳದೆ ಅದನ್ನೇ ನೋಡುತ್ತಾ, “ಇದೆಲ್ಲ ವಿಸಾನಾ ಅಜ್ಜಿ?” ಅಂತ ಕೇಳಿದ್ದಳು. “ಸುಮ್ಕಿರವ್ವ,” ಅಂದು ನಾನು ಬಟ್ಟೆ ಬಿಗಿದಿದ್ದೆ.

ಈಗ ಮತ್ತೆ ಅದೇ ಮನೆಯ ಬಾಣಂತಿ ಕೋಣೆ. ಸಾಂಬ್ರಾಣಿ ಹೊಗೆಯ ಜೊತೆಗೆ ಮಲ್ಲಿಗೆಯ ವಾಸನೆ ಸೇರಿ ನನಗೆ ತಲೆ ಸುತ್ತುವಂತಾಯಿತು. ಮೊರದ ತುಂಬ ಹೂವಿತ್ತು. ಚಿಕ್ಕನಂಜಮ್ಮ ಗೋಡೆಗೆ ಒರಗಿ ಕೂತಿದ್ದಳು. ತೊಡೆಯ ಮೇಲಿನ ಮಗು ಹುಟ್ಟಿದ ದಿನಕ್ಕಿಂತ ಚಿಕ್ಕದಾಗಿತ್ತು. ಮುಖ ಮುದುಡಿ, ಪುಟ್ಟ ಮುದುಕಿಯ ಮುಖವಾಗಿತ್ತು. ಅತ್ತು ಅತ್ತು ದನಿಯೂ ಸವೆದಿತ್ತು.

“ಅಜ್ಜಿ,” ಅಂದಳು ಚಿಕ್ಕನಂಜಮ್ಮ, “ಕಟ್ಟಕೆ ಮುಂಚೆ ಒಂದ್ಸಲ ಕುಡುಸ್ಲಾ? ಒಂದೇ ಒಂದ್ಸಲ.”

“ಬ್ಯಾಡ!” ಅಂದಳು ಬಾಗಿಲಲ್ಲಿ ನಿಂತ ಅತ್ತೆ.

“ಕುಡುಸ್ಲಿ ಬುಡು ಹೊಂಬಾಳಿ, ಒಂದ್ಸಲಕ್ಕೆ ಏನಾಯ್ತದೆ. ನೀನು ಅತ್ಲಾಗೆ ತಿರಿಕ್ಕೋ,” ಅಂದೆ.

ಮಗು ಆಸೆಯಿಂದಲೇ ಬಾಯಿ ಹಾಕಿತು. ಆಮೇಲೆ ಆ ಸದ್ದು ಬಂತು. ಚಟ್, ಚಟ್. ಎರಡು ಸಲ ಚೀಪುವುದು, ಜಾರುವುದು, ಚಟ್ ಅನ್ನುವುದು. ಹಾಲು ಗಂಟಲಿಗೆ ಇಳಿಯದೆ ಕಟಬಾಯಿಯಲ್ಲಿ ಹರಿದು ಕತ್ತಿನ ಮಡಿಕೆಗೆ ಇಳಿಯುತ್ತಿತ್ತು. ಮಗು ಕೆಂಪಗಾಗಿ ತಲೆ ಹಿಂದಕ್ಕೆ ಎಸೆದು ಅತ್ತಿತು. ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಆ ಸದ್ದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

“ನೀರು ತತ್ತಾ, ಸೋಪು ತತ್ತಾ,” ಅಂತ ಕೂಗಿದೆ. ಕೈ ತೊಳೆದು ಮಗುವಿನ ಬಾಯೊಳಗೆ ಕಿರುಬೆರಳು ಹಾಕಿ ನಾಲಿಗೆಯ ಅಡಿಗೆ ತೂರಿಸಿದೆ. ಬೆರಳು ಮುಂದೆ ಹೋಗಲೇ ಇಲ್ಲ. ಒಂದು ತೆಳ್ಳನೆಯ ತೊಗಲು ನಾಲಿಗೆಯ ತುದಿಯವರೆಗೂ ಬಂದು ಅದನ್ನು ಕೆಳದವಡೆಗೆ ಕಟ್ಟಿಹಾಕಿತ್ತು. ಹಾಗಿದ್ದರೆ ನಾಲಿಗೆ ಮೊಲೆಯನ್ನು ಹಿಡಿಯುವುದಾದರೂ ಹೇಗೆ?

ಇಲ್ಲಿ ನನ್ನ ಉಗುರಿನ ವಿಷಯ ಹೇಳಬೇಕು. ನನ್ನ ಬಲಗೈ ಕಿರುಬೆರಳಲ್ಲಿ ಒಂದು ಉಗುರಿತ್ತು. ಭತ್ತದ ಕಾಳಿನಷ್ಟು ಉದ್ದ ಬಿಟ್ಟು, ಕಲ್ಲಿಗೆ ಉಜ್ಜಿ ಚೂಪು ಮಾಡಿ, ಅರಿಶಿನದಲ್ಲಿ ಅದ್ದಿ ಇಟ್ಟುಕೊಳ್ಳುತ್ತಿದ್ದೆ. ನನ್ನ ಅವ್ವನೂ ಹಾಗೇ ಇಟ್ಟುಕೊಂಡಿದ್ದಳು. ಮಗು ಹುಟ್ಟಿದ ಕೂಡಲೇ ಬಾಯಿ ಒರೆಸುವ ನೆಪದಲ್ಲಿ ನಾಲಿಗೆಯ ಅಡಿ ಮುಟ್ಟಿ ನೋಡುವುದು, ಕಟ್ಟಿದ್ದರೆ ಒಂದೇ ಗೀರು. ತಾಯಿಗೂ ತಿಳಿಯುತ್ತಿರಲಿಲ್ಲ. ಹಾಗೆ ಎಷ್ಟು ನಾಲಿಗೆ ಬಿಡಿಸಿದ್ದೇನೋ, ಲೆಕ್ಕ ಇಟ್ಟವಳಲ್ಲ.

ಇದಕ್ಕೆ ಮೂರು ವರ್ಷ ಮೊದಲು ಮಂಡ್ಯದ ಆಸ್ಪತ್ರೆಯಲ್ಲಿ ಸುತ್ತಲ ಹಳ್ಳಿಯ ಸೂಲಗಿತ್ತಿಯರನ್ನೆಲ್ಲ ಸೇರಿಸಿ ಪಾಠ ಹೇಳಿದರು. ಹೇಳಿದವಳು ಒಬ್ಬ ನರ್ಸಮ್ಮ, ನನ್ನ ಮಗಳ ವಯಸ್ಸಿನವಳು, ಬಲು ಖಡಕ್ಕು. ಮೊದಲ ದಿನವೇ ನನ್ನ ಕೈ ಹಿಡಿದು, “ಇದೇನು ಮರಿತಾಯಮ್ಮ, ಇದನ್ನ ತೆಗೀಬೇಕು,” ಅಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಬೇಜಾರು ಮಾಡಿಕೊಳ್ಳದೆ ಕೇಳಿದಳು: “ನೀವು ಹೆರಿಗೆ ಮಾಡಿಸಿದ ಮೇಲೆ ಜ್ವರ ಬಂದು ಸತ್ತ ಬಾಣಂತಿಯರು ಎಷ್ಟು ಜನ?” ಏಳು ಮುಖ ಕಣ್ಣ ಮುಂದೆ ಬಂದವು. ಕೈ ಚಾಚಿದೆ. ಅವಳೇ ಕತ್ತರಿಸಿದಳು. ಆಮೇಲೆ ಒಂದು ತಗಡಿನ ಪೆಟ್ಟಿಗೆ ಕೊಟ್ಟರು, ಅದರಲ್ಲಿ ಸೋಪು, ಬಟ್ಟೆ, ಹೊಕ್ಕುಳಬಳ್ಳಿಗೆ ಕತ್ತರಿ. ಆ ಪೆಟ್ಟಿಗೆ ಹಿಡಿದು ಊರಿಗೆ ಬಂದಾಗ ನನ್ನ ಜಂಬ ನೋಡಬೇಕಿತ್ತು. ಸುಳ್ಳೇಕೆ ಹೇಳಲಿ, ಅಲ್ಲಿಂದೀಚೆಗೆ ನನ್ನ ಕೈಯಲ್ಲಿ ಒಬ್ಬಳಿಗೂ ಆ ಜ್ವರ ಬರಲಿಲ್ಲ.

ಆದರೆ ಉಗುರು ಹೋದ ಮೇಲೆ ನಾನು ಮಕ್ಕಳ ಬಾಯಿ ನೋಡುವುದನ್ನೂ ಬಿಟ್ಟಿದ್ದೆ. ನೋಡಿ ಏನು ಮಾಡಲಿ, ಬಿಡಿಸಲು ಉಗುರೇ ಇಲ್ಲವಲ್ಲ ಅಂತ.

ಕೋಣೆಯಿಂದ ಎದ್ದು ಬಂದವಳೇ ಆ ಮೊರ ತೆಗೆದುಕೊಂಡು ಹೂವನ್ನೆಲ್ಲ ಹಿತ್ತಲಿಗೆ ಸುರಿದೆ. ಅಲ್ಲಿ ಚಿಕ್ಕನಂಜಮ್ಮನ ಗಂಡ ಚಲುವರಾಜು ಎತ್ತುಗಳಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ. ಇಪ್ಪತ್ತಾರು ವರ್ಷದ ಕಟ್ಟಾಳು.

“ಲೇ ಚಲುವ, ಬಾಯಿ ತೆಗೀಲಾ.”

“ಯಾಕ್ ದೊಡ್ಡವ್ವ?”

“ತೆಗಿ ಅಂದ್ರೆ ತೆಗೀಬೇಕು! ನಾಲ್ಗೆ ಮೇಲಕ್ಕೆತ್ತು.”

ಪಾಪ, ಸೋಗೆಯ ಹೊರೆ ಹೊತ್ತುಕೊಂಡೇ ಬಾಯಿ ಅಗಲಿಸಿ ನಾಲಿಗೆ ಎತ್ತಿದ. “ಬಾ ಇಲ್ಲಿ ಹೊಂಬಾಳಿ, ನೋಡು,” ಅಂದೆ. ನಾಲಿಗೆಯ ಅಡಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಬಿಳಿ ಗೀರು ಇನ್ನೂ ಇತ್ತು.

“ಇದು ನನ್ ಉಗುರು ಕಣಮ್ಮಿ. ನಿನ್ ಮಗ ಹುಟ್ಟಿದಾಗ ಅವನ ನಾಲ್ಗೇನೂ ಇಂಗೇ ಕಟ್ಟಿತ್ತು, ನಾನೇ ಬುಡ್ಸಿದ್ದು. ಈ ಮೊಗೀಗೆ ಬಂದಿರೋದು ಇವನ ಕಡೆಯಿಂದ. ನಿನ್ ಸೊಸೆ ಹಾಲು ಏನ್ ಮಾಡ್ತು ಪಾಪ?”

ಹೊಂಬಾಳಮ್ಮ ಮಗನ ಬಾಯಿಯನ್ನೂ ನನ್ನ ಮುಖವನ್ನೂ ನೋಡಿದಳು. “ನಂಗ್ಯಾಕೆ ಯೋಳ್ನಿಲ್ಲ?”

“ಯೋಳಿದ್ರೆ ಕಿರುಚಾಡಿ ಊರು ಒಂದ್ ಮಾಡ್ತಿದ್ದೆ.”

ಅವಳು ಬಂದು ನನ್ನ ಕೈ ಹಿಡಿದಳು. “ಅಂಗಾದ್ರೆ ಬುಡ್ಸು ಮತ್ತೆ. ಈಗ್ಲೇ ಬುಡ್ಸು.”

ನನ್ನ ಬೆರಳು ತೋರಿಸಿದೆ. ಕಿರುಬೆರಳು ಮೊಂಡಾಗಿತ್ತು. ಪೆಟ್ಟಿಗೆಯಲ್ಲಿ ಕತ್ತರಿ ಇದೆಯಲ್ಲ ಅಂದಳು. ಆ ತೊಗಲಿನ ಪಕ್ಕದಲ್ಲೇ ರಕ್ತದ ನರ ಇರುತ್ತದೆ. ಉಗುರಿನ ಹಿಡಿತ ನನಗೆ ಗೊತ್ತು, ಕತ್ತರಿಯ ಹಿಡಿತ ಗೊತ್ತಿಲ್ಲ. ಒಂಬತ್ತು ದಿನದ ಮಗುವಿನ ಮೇಲೆ ನಾನು ಹೊಸ ಕೆಲಸ ಕಲಿಯಲೇ?

“ಗಾಡಿ ಕಟ್ಲಾ ಚಲುವ. ಮಂಡ್ಯಕ್ಕೋಗಣ.”

“ಸೂತಕ ಕಳೀದೆ ಬಾಣಂತಿ ಒಸ್ಲು ದಾಟ್ತಾಳಾ?” ಅಂತ ಹೊಂಬಾಳಮ್ಮ ಬಾಯಿ ಬಡಿದುಕೊಂಡಳು. “ಎಳೆಮೊಗ, ಗಾಳಿ ಸೋಕದಾ?”

“ಸೋಕಿದ್ರೆ ಉಪ್ಪು ಮೆಣ್ಸಿನ್ಕಾಯಿಲಿ ಇಳಿ ತೆಗಿಯಣ. ಸತ್ತರೆ ಏನ್ ತೆಗೀತೀಯೆ?” ಅಂದೆ. ಕೆಟ್ಟ ಮಾತು, ಆಡಬಾರದಿತ್ತು. ಅವಳು ಅಳುತ್ತಾ ಒಳಗೆ ಹೋದಳು. ಗಾಡಿ ಹೊರಡುವಾಗ ಓಡುತ್ತಾ ಬಂದವಳ ಕೈಯಲ್ಲಿ ಕಂಬಳಿ, ಗಾಳಿ ಸೋಕದಿರಲಿ ಅಂತ ಬೇವಿನ ಸೊಪ್ಪು, ಒಂದು ಚಿಕ್ಕ ಚೂರಿ. ಸೊಸೆಯ ಕಿವಿ ಮುಚ್ಚುವಂತೆ ತನ್ನ ಕೈಯಾರೆ ಬಟ್ಟೆ ಕಟ್ಟಿದಳು. ಗೊತ್ತಿಲ್ಲದೆ ಕೆಡಿಸಿದವಳು ಅವಳು, ಮನಸ್ಸು ಕೆಟ್ಟವಳಲ್ಲ. ನನ್ನ ವಿಷಯ ಹಾಗಲ್ಲ, ನನಗೆ ಗೊತ್ತಿತ್ತು.

ದಾರಿಯುದ್ದಕ್ಕೂ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು. ಚಲುವರಾಜು ಒಬ್ಬೊಬ್ಬರಿಗೂ “ದಾರಿ ಬುಡ್ರಪ್ಪೋ, ಎಳೆಮೊಗ ಅದೆ” ಅಂತ ಕೂಗುತ್ತಿದ್ದ. ಯಾರೂ ಎದುರಾಡದೆ ಎತ್ತು ಪಕ್ಕಕ್ಕೆ ಎಳೆದರು. ಮಗು ಅಳುವುದನ್ನು ನಿಲ್ಲಿಸಿತ್ತು. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಐದೈದು ನಿಮಿಷಕ್ಕೆ ಅದರ ಅಂಗಾಲು ಚಿವುಟಿ ನೋಡುತ್ತಿದ್ದೆ.

ಆಸ್ಪತ್ರೆಯ ಜಗುಲಿಯಲ್ಲಿ ಅದೇ ನರ್ಸಮ್ಮ ಸಿಕ್ಕಳು. ಮೊದಲು ನನ್ನ ಬೆರಳು ನೋಡಿ ನಕ್ಕಳು, ಆಮೇಲೆ ಮಗುವನ್ನು ನೋಡಿದಳು, ನಗು ನಿಂತಿತು. ಬಾಯೊಳಗೆ ಬೆರಳು ಹಾಕಿ ಡಾಕ್ಟರನ್ನು ಕರೆದಳು. ಕನ್ನಡಕದ ಡಾಕ್ಟರು ಬಂದರು. ನರ್ಸಮ್ಮ ಮಗುವನ್ನು ಕೈಕಾಲು ಸೇರಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದಳು. ತಲೆ ಅಲುಗಾಡದ ಹಾಗೆ ಹಿಡಿದುಕೊಳ್ಳಲು ನನಗೇ ಹೇಳಿದಳು. ಡಾಕ್ಟರು ಎಡಗೈ ಬೆರಳಿನಿಂದ ನಾಲಿಗೆ ಮೇಲಕ್ಕೆತ್ತಿ, ಮೊಂಡು ತುದಿಯ ಪುಟ್ಟ ಕತ್ತರಿ ಇಟ್ಟು, ಒಂದು ಸಲ ಚಕ್ ಅನ್ನಿಸಿದರು. ಅಷ್ಟೇ. ಒಂದು ತೊಟ್ಟು ರಕ್ತ ಬಂತು. ಬಿಳಿ ಬಟ್ಟೆಯಲ್ಲಿ ಅದುಮಿ, “ಈಗಲೇ ಹಾಲು ಕುಡಿಸಿ, ಅದೇ ಔಷಧಿ,” ಅಂದು ಹೊರಟೇ ಹೋದರು.

ಚಿಕ್ಕನಂಜಮ್ಮ ಮಗುವನ್ನು ಎದೆಗೆ ಹಿಡಿದಳು. ಮಗು ಒಂದು ಸಲ ಜಾರಿತು. ಎರಡನೇ ಸಲ ಹಿಡಿದದ್ದು ಬಿಡಲಿಲ್ಲ. ಚಟ್ ಅನ್ನುವ ಸದ್ದಿಲ್ಲ. ಗುಟುಕ್, ಗುಟುಕ್. ಪುಟ್ಟ ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಆ ಕಡೆಯ ಎದೆಯಿಂದಲೂ ತಾನೇ ತಾನಾಗಿ ಹಾಲು ಸುರಿದು ಅವಳ ಸೀರೆ ತೊಯ್ದಿತು. ಬಾಗಿಲಾಚೆ ನಿಂತಿದ್ದ ಚಲುವರಾಜು ಆ ಸದ್ದು ಕೇಳಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತ. ನನಗೂ ಅಳು ಬಂತು. ಬಂದರೆ ಬರಲಿ ಅಂತ ಅತ್ತೆ.

ಹೊರಡುವಾಗ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. “ಒಂಬತ್ತು ದಿನ ಯಾಕೆ ಕಾದಿರಿ? ಹುಟ್ಟಿದ ದಿನ ನೋಡಲಿಲ್ವಾ?”

“ಉಗುರು ತೆಗುದ್ಬುಟ್ರಲ್ಲವ್ವ. ನೋಡಿ ಏನ್ ಮಾಡ್ಲಿ ಅಂತ...”

“ಉಗುರು ತೆಗೀರಿ ಅಂದಿದ್ದೆ ಮರಿತಾಯಮ್ಮ. ಕಣ್ಣು ಮುಚ್ಕೊಳ್ಳಿ ಅಂದಿದ್ನಾ?”

ಜಗಳಕ್ಕೆ ನಾನು ಹಿಂದೆ ಬಿದ್ದವಳಲ್ಲ. ಆವತ್ತು ಮಾತ್ರ ತಲೆ ತಗ್ಗಿಸಿ ಗಾಡಿ ಹತ್ತಿದೆ.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಮಗು ಕುಡಿದು, ನಿದ್ದೆ ಮಾಡಿ, ಎದ್ದು ಮತ್ತೆ ಕುಡಿಯಿತು. ಚಲುವರಾಜು ಎತ್ತುಗಳ ಜೊತೆ ಮಾತಾಡುತ್ತಾ ಗಾಡಿ ಹೊಡೆಯುತ್ತಿದ್ದ. ಚಿಕ್ಕನಂಜಮ್ಮ ಬಹಳ ಹೊತ್ತು ಮಗುವಿನ ಬಾಯನ್ನೇ ನೋಡುತ್ತಿದ್ದು, ತಲೆ ಎತ್ತದೆ ಕೇಳಿದಳು.

“ಅಜ್ಜಿ, ನನ್ ಮೊದಲ್ನೇ ಮೊಗೀಗೂ ಇಂಗೇ ಇತ್ತಾ?”

ಈ ಪ್ರಶ್ನೆ ಬರುತ್ತದೆ ಅಂತ ಹಿತ್ತಲಲ್ಲಿ ಚಲುವನ ಬಾಯಿ ತೆಗೆಸಿದಾಗಲೇ ನನಗೆ ಗೊತ್ತಿತ್ತು. ಇರಲಿಲ್ಲ ಕಣವ್ವ ಅಂದಿದ್ದರೆ ಮುಗಿಯುತ್ತಿತ್ತು. ಮಣ್ಣಾದ ಮಗು ಎದ್ದು ಬಂದು ಸಾಕ್ಷಿ ಹೇಳುತ್ತದೆಯೇ? ಸುಳ್ಳು ನನ್ನ ಬಾಯಿಯವರೆಗೂ ಬಂದಿತ್ತು. ಬಾಳೆಗಿಡದ ಬುಡದಲ್ಲಿ ಬೆಳ್ಳಗಾದ ಮಣ್ಣು ಕಣ್ಣಿಗೆ ಕಟ್ಟಿತು.

“ಇತ್ತೋ ಏನೋ. ನಾನ್ ನೋಡ್ನಿಲ್ಲ ಕಣವ್ವ,” ಅಂದೆ. “ಅವರಪ್ಪನಿಗೆ ಇತ್ತು ಅಂತ ಗೊತ್ತಿತ್ತು. ನೋಡ್ಬೇಕಾಗಿತ್ತು. ತಪ್ಪು ನಂದು.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸೆರಗು ಎಳೆದು ಮಗುವಿಗೆ ನೆರಳು ಮಾಡಿಕೊಂಡು ಕೂತಳು. ಊರು ಹತ್ತಿರವಾದ ಮೇಲೆ ಅಂದಳು: “ಅವನಿಗೂ ಇಷ್ಟೇ ಹಾಲಿತ್ತು ಅಜ್ಜಿ. ನೀನೇ ಹಿಂಡಿದ್ದೆ.”

“ಊ ಕಣವ್ವ.”

“ಎರಡು ವರ್ಸದಿಂದ ಬಾವಿಕಟ್ಟೇಲಿ ನನ್ನ ಕಂಡ್ರೆ ಹೆಂಗಸ್ರು ಮಕ್ಕಳನ್ನ ಆಚೆ ತಕ್ಕೋತಾರೆ. ನನ್ ಹಾಲು ಕೆಟ್ಟಿರ್ಲಿಲ್ಲ ಅಂತ ಎಲ್ರ ಮುಂದೆ ನೀನೇ ಯೋಳ್ಬೇಕು. ತೊಟ್ಲಿಗಾಕೋ ದಿನ ಯೋಳು.”

ಆಗಲಿ ಅಂದೆ. ಅಂದುಬಿಟ್ಟೆ. ಆಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಹೆದರಿಕೆ ಹೊಂಬಾಳಮ್ಮನದಲ್ಲ. ಉಗುರು ತೆಗೆಸಿದ ಮೇಲೆ ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಹಾಲು ಹಿಡಿಯದೆ ಹೋದವು ಮೂರು. ಒಬ್ಬಳಿಗೆ ಹೇಳಿದರೆ ಇನ್ನಿಬ್ಬರು ಕೇಳುತ್ತಾರೆ. ಆಮೇಲೆ ಈ ಊರಲ್ಲಿ ನನ್ನನ್ನು ಹೆರಿಗೆಗೆ ಯಾರು ಕರೆಯುತ್ತಾರೆ? ಕರೆಯದಿದ್ದರೆ ನಾನು ಯಾರು?

ಹನ್ನೊಂದನೇ ದಿನ ಬಾಣಂತಿಗೆ ನೀರು ಹಾಕಿ, ಮಗುವನ್ನು ತೊಟ್ಟಿಲಿಗೆ ಹಾಕಿದರು. ಕೇರಿಯ ಹೆಂಗಸರೆಲ್ಲ ಬಂದಿದ್ದರು. ಹಾಡು ಮುಗಿದು ಕಡಲೆ ಬೆಲ್ಲ ಹಂಚುವಾಗ ಚಿಕ್ಕನಂಜಮ್ಮ ನನ್ನ ಕಡೆ ನೋಡಿದಳು. ಎದ್ದು ನಿಂತೆ.

“ಒಸಿ ಕೇಳ್ರವ್ವ,” ಅಂದೆ. “ಈ ಹುಡುಗಿ ಹಾಲು ಕೆಟ್ಟಿತ್ತು ಅಂತ ನೀವೆಲ್ಲ ಅಂದ್ರಿ. ಹಾಲು ಚಿನ್ನದಂಗಿತ್ತು. ಮೊಗೀನ ನಾಲ್ಗೆ ಕಟ್ಟಿತ್ತು. ಹುಟ್ಟಿದ ದಿನ ಬಾಯಿ ನೋಡದು ನನ್ ಕೆಲ್ಸ, ನಾನ್ ನೋಡ್ನಿಲ್ಲ. ಮೊದಲ್ನೇ ಮೊಗೀಗೂ ನೋಡ್ನಿಲ್ಲ. ಅನ್ನೋದಿದ್ರೆ ನನ್ನ ಅನ್ನಿ.”

ಹೊಂಬಾಳಮ್ಮ ಕಡಲೆ ತಟ್ಟೆ ಹಿಡಿದುಕೊಂಡು ತಲೆ ತಗ್ಗಿಸಿದ್ದಳು. ಹಿಂದಿನ ಸಾಲಿನಿಂದ ಪಟ್ಟಲಮ್ಮ ಎದ್ದಳು. ಅವಳ ಮಗು ಹೋಗಿ ಒಂದು ವರ್ಷವಾಗಿತ್ತು.

“ನನ್ ಮೊಗೀಗೆ, ಮರಿತಾಯವ್ವ?”

“ನೋಡ್ನಿಲ್ಲ ಕಣವ್ವ. ಗೊತ್ತಿಲ್ಲ.”

ಪಟ್ಟಲಮ್ಮ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ಅವಳ ಹಿಂದೆ ಅವಳ ನೆರೆಮನೆಯವರಿಬ್ಬರು ಎದ್ದರು. ನಾನೂ ಹೊರಡೋಣ ಅಂತ ಗೋಡೆ ಹಿಡಿದೆ. ಹೋಗಲಾಗದೆ ಅಲ್ಲೇ ಕೂತೆ.

ಆಗ ಚಿಕ್ಕನಂಜಮ್ಮ ತೊಟ್ಟಿಲಿಂದ ಮಗುವನ್ನು ಎತ್ತಿಕೊಂಡು ಎಲ್ಲರ ನಡುವೆ ದಾಟಿ ಬಂದು ನನ್ನ ಮುಂದೆ ಕೂತಳು. ಅವಳ ಮುಡಿಯಲ್ಲಿ ಮಲ್ಲಿಗೆ ಇತ್ತು. ನಾನು ಸಿಡುಕಲಿಲ್ಲ. ಒಂದು ಚೊಂಬು ನೀರನ್ನೂ ಸೋಪನ್ನೂ ಅವಳೇ ತರಿಸಿದಳು. ಮಗುವನ್ನು ನನ್ನ ತೊಡೆಗೆ ಹಾಕಿದಳು.

“ಕೈ ತೊಳ್ಕೊ ಅಜ್ಜಿ. ಗಾಯ ಮಾಯ್ದದಾ ನೋಡು,” ಅಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ತೊಳೆದುಕೊಂಡೆ. ನನ್ನ ಮೊಂಡು ಕಿರುಬೆರಳನ್ನು ಬಾಯೊಳಗೆ ಇಟ್ಟೆ. ಹನ್ನೊಂದು ದಿನದ ಆ ಕೂಸು ಬೆರಳನ್ನು ಎಷ್ಟು ಜೋರಾಗಿ ಎಳೆದುಕೊಂಡಿತೆಂದರೆ ಬಿಡಿಸಿಕೊಳ್ಳಲು ಆಗಲಿಲ್ಲ. ಬಿಡಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಆ ವರ್ಷ ಪಟ್ಟಲಮ್ಮ ನನ್ನ ಜೊತೆ ಮಾತಾಡಲಿಲ್ಲ. ಮುಂದಿನ ವರ್ಷ ಅವಳಿಗೆ ನೋವು ಶುರುವಾದಾಗ ಅವಳ ಗಂಡ ಬಂದು, “ನಿಮ್ಮನ್ನೇ ಕರ್ಕೊಂಡು ಬಾ ಅಂದ್ಲು” ಅಂತ ತಲೆ ತಗ್ಗಿಸಿ ನಿಂತ. ಓಡಿದೆ. ಮಗು ಕೈಗೆ ಬಂತು, ಅತ್ತಿತು. ಹೊರಗಿನಿಂದ ಎಲ್ಲರೂ ಗಂಡೋ ಹೆಣ್ಣೋ ಅಂತ ಬಾಗಿಲು ಬಡಿಯುತ್ತಿದ್ದರು. ಪಟ್ಟಲಮ್ಮ ಅದನ್ನು ಕೇಳಲಿಲ್ಲ. ಬೆವರಿನಲ್ಲಿ ತೊಯ್ದ ಮುಖ ಎತ್ತಿ ನನ್ನ ಕೈಯನ್ನೇ ನೋಡುತ್ತಿದ್ದಳು.

“ತಡ್ಕೊಳ್ರೋ!” ಅಂತ ಹೊರಗಿನವರಿಗೆ ಗದರಿದೆ. “ಮೊದ್ಲು ಬಾಯಿ ನೋಡ್ತಾ ಇವ್ನಿ.”